ಪರದೆಯ ಮೂಲೆಯ ಚಪ್ಪಲಿ

ಹೋದ ತಿಂಗಳು ಒಬ್ಬ ತರುಣಿ ನಮ್ಮ ಕಚೇರಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಕೀಲಿಕೈ ಇಟ್ಟಳು. ನಮ್ಮ ವಿಭಾಗದ ಮೂರನೆಯ ಕೋಣೆಯ ಕಪಾಟಿನ ಕೀಲಿಕೈ ಅದು. ನಾನು ಮಾಡಿದ ಮೊದಲ ಕೆಲಸವೆಂದರೆ, ಅದರ ಮೇಲೆ ಕೊರೆದ ನಂಬರನ್ನು ರಿಜಿಸ್ಟರಿನಲ್ಲಿದ್ದ ನಂಬರಿನೊಂದಿಗೆ ತಾಳೆ ನೋಡಿದ್ದು. ಸರಿಯಾಗಿತ್ತು. ಆಮೇಲೆ ತಲೆಯೆತ್ತಿ, ಇದನ್ನು ಒಯ್ದಿದ್ದ ಮೇಡಮ್ ಹೇಗಿದ್ದಾರೆ ಎಂದು ಮರಾಠಿಯಲ್ಲಿ ಕೇಳಿದೆ.

"ಅವ್ವ ಹೋದ್ಳ್ರಿ," ಎಂದಳು ಕನ್ನಡದಲ್ಲಿ. "ಹದಿನೈದು ದಿನ ಆತು."

ಅಂಥ ಹೊತ್ತಿನಲ್ಲೂ ನನ್ನ ತಲೆಯಲ್ಲಿ ಮೊದಲು ಎದ್ದದ್ದು ಒಂದು ಸಂಶಯ. ನನ್ನ ಜೊತೆ ಕನ್ನಡ ಮಾತಾಡಬಹುದೆಂದು ಈ ಹುಡುಗಿಗೆ ಹೇಳಿದವರು ಯಾರು? ಕಚೇರಿಯಲ್ಲಿ ಯಾರಾದರೂ ಕೇಳಿಸಿಕೊಂಡರೇ? ಹಾಗೆ ಯೋಚಿಸಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಅವಳು ಚೀಲದಿಂದ ಒಂದು ಕಂದು ಲಕೋಟೆ ತೆಗೆದಳು. "ಇದನ್ನ ನಿಮ್ಮ ಕೈಯಾಗ ಕೊಡು ಅಂತ ಹೇಳಿದ್ಳ್ರಿ. ಇಲ್ಲಿ ಎರಡು ವರ್ಷ ಪಾಠ ಮಾಡಿದ್ಳಲ್ರಿ, ಭಾಳ ಖುಷಿಲೆ ಇದ್ಳು. ಮೂರು ವರ್ಷ ಆಗ್ತಿತ್ತು ಅಂತ ಒಮ್ಮೊಮ್ಮೆ ಅಂತಿದ್ಳು. ಯಾಕ ಆಗಲಿಲ್ಲವ್ವಾ ಅಂತ ಕೇಳಿದ್ರ ಬರೇ ನಗ್ತಿದ್ಳು."

ಯಾಕೆ ಆಗಲಿಲ್ಲವೆಂದು ನನಗೆ ಗೊತ್ತು. ಆ ಒಂದು ವರ್ಷವನ್ನು ನುಂಗಿದ್ದು ಫೈಲಿನಲ್ಲಿ ನಾನು ಬರೆದ ಒಂದು ಸಾಲಿನ ಷರಾ. ಹುಡುಗಿ ಹೋದ ಮೇಲೆ ಲಕೋಟೆಯನ್ನು ಒಡೆಯದೆ ಡ್ರಾಯರಿನಲ್ಲಿಟ್ಟೆ. ಒಳಗೆ ಏನಿರಬಹುದೆಂದು ಅಂದಾಜಿತ್ತು.

ಆಕೆಯ ವಿಷಯ ಹೇಳುವ ಮೊದಲು ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ವಿಜಯಪುರದ ಕಡೆಯವನು. ಪುಣೆಯ ವಿಶ್ವವಿದ್ಯಾಲಯವೊಂದರ ಕಲಾ ವಿಭಾಗದ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಈಗ ಅಧೀಕ್ಷಕನಾಗಿದ್ದೇನೆ. ನೇಮಕಾತಿಗೆ ಬರುವ ಅರ್ಜಿಗಳ ಕಾಗದಪತ್ರ ಪರಿಶೀಲಿಸುವುದು ನನ್ನ ಕೆಲಸ. ಅಂಕಪಟ್ಟಿಯ ಕಾಗದ, ಮೊಹರಿನ ಅಂಚು, ಸಹಿಯ ಮಸಿ, ಇವನ್ನು ನೋಡಿ ನೋಡಿ ನನ್ನ ಕಣ್ಣು ಒಂದು ಥರ ಆಗಿಬಿಟ್ಟಿದೆ. ಮದುವೆಯ ಕರೆಯೋಲೆ ಕೈಗೆ ಬಂದರೂ ಮೊದಲು ಮುದ್ರಣಾಲಯದ ಹೆಸರು ಹುಡುಕುತ್ತೇನೆ. "ನಿಮಗ ದೇವರ ಪ್ರಸಾದ ಕೊಟ್ರೂ ಮೂಸಿ ನೋಡಿ ಬಾಯಾಗ ಹಾಕ್ಕೋತೀರಿ," ಎನ್ನುತ್ತಾಳೆ ನನ್ನ ಹೆಂಡತಿ. ಅವಳು ತಮಾಷೆಗೆ ಹೇಳುವುದಲ್ಲ.

ಕಚೇರಿಯಲ್ಲಿ ನಾನು ಕನ್ನಡ ಮಾತಾಡುವುದಿಲ್ಲ. ನನ್ನ ಅಡ್ಡಹೆಸರು ಗಡಿಯ ಎರಡೂ ಕಡೆ ಇರುವಂಥದ್ದು, ಮರಾಠಿಯೂ ಸಲೀಸು, ಹಾಗಾಗಿ ಹೊಸಬರಿಗೆ ಗೊತ್ತಾಗುವುದೂ ಇಲ್ಲ. ಇದಕ್ಕೆ ಕಾರಣವಿದೆ. ಬಹಳ ವರ್ಷಗಳ ಹಿಂದೆ ನಮ್ಮ ಜಿಲ್ಲೆಯವನೊಬ್ಬ ಇಲ್ಲಿ ಜವಾನನಾಗಿ ಆಯ್ಕೆಯಾದ. ನನಗೂ ಅವನಿಗೂ ಗುರುತೇ ಇರಲಿಲ್ಲ. ಕೆಲಸ ಸಿಕ್ಕ ಖುಷಿಯಲ್ಲಿ ಅವನು ಪಡಸಾಲೆಯಲ್ಲಿ ಎಲ್ಲರ ಎದುರಿಗೆ, "ನಮ್ಮ ಊರವರು ನೀವು ಇದ್ದದ್ದಕ್ಕ ಆತ್ರಿ ಸಾಹೇಬ್ರ," ಎಂದು ನನ್ನ ಕಾಲು ಮುಟ್ಟಿದ. ಮರುದಿನವೇ ಮೇಲೆ ದೂರು ಹೋಯಿತು, ನನಗೆ ಮೆಮೊ ಬಂತು. ವಿಚಾರಣೆಯಲ್ಲಿ ಏನೂ ಸಿಗಲಿಲ್ಲ. ಆದರೆ ಆ ಮೂರು ತಿಂಗಳು ನಾನು ಉಂಡ ಅನ್ನ ಮೈಗೆ ಹತ್ತಲಿಲ್ಲ. ಅಂದಿನಿಂದ ಪಡಸಾಲೆಯಲ್ಲಿ ಯಾರಾದರೂ ಕನ್ನಡದಲ್ಲಿ ಮಾತಿಗೆಳೆದರೆ, ಇವರಿಗೆ ಏನೋ ಕೆಲಸವಾಗಬೇಕಿದೆ ಎಂದೇ ತಿಳಿದು ಮರಾಠಿಯಲ್ಲಿ ಉತ್ತರಿಸುತ್ತೇನೆ.

ಆಕೆ ಬಂದದ್ದು ನಾಲ್ಕು ವರ್ಷದ ಹಿಂದೆ, ಮಳೆಗಾಲಕ್ಕೆ ಮುಂಚೆ. ನಮ್ಮಲ್ಲಿ ದೃಶ್ಯ ಸಂಸ್ಕೃತಿ ಎಂಬ ವಿಷಯಕ್ಕೆ ಒಬ್ಬ ಅರೆಕಾಲಿಕ ಅಧ್ಯಾಪಕರು ಬೇಕಾಗಿದ್ದರು. ಅಂಗಡಿಯ ಬೋರ್ಡು, ಕ್ಯಾಲೆಂಡರಿನ ದೇವರು, ಚುನಾವಣೆಯ ಫ್ಲೆಕ್ಸು, ಹೀಗೆ ಕಣ್ಣಿಗೆ ಬೀಳುವ ಎಲ್ಲವನ್ನೂ ಕುಳಿತು ಓದುವ ವಿದ್ಯೆ ಅದು. ಇದಕ್ಕೊಂದು ಪಾಠ ಬೇಕೇ ಎಂಬ ಸಂಶಯವೂ ನನಗಿತ್ತೆನ್ನಿ. ವಾರಕ್ಕೆ ಆರು ತಾಸು ಪಾಠ, ವರ್ಷ ಮುಗಿದರೆ ಮತ್ತೆ ಹೊಸದಾಗಿ ನೇಮಕ. ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಬರುವವರು ಆಗತಾನೇ ಪದವಿ ಮುಗಿಸಿದ ಹುಡುಗರು. ಈಕೆಗೆ ಐವತ್ತು ದಾಟಿತ್ತು. ಕಾಟನ್ ಸೀರೆ, ಹೆಗಲಲ್ಲಿ ಬಟ್ಟೆಯ ಚೀಲ. ನನ್ನ ಮೇಜಿನ ಮುಂದೆ ನಿಂತು, ಮೇಜಿನ ಮೇಲೆ ಹರಡಿದ್ದ ಯಾರದೋ ಫೈಲನ್ನು ಒಂದು ಗಳಿಗೆ ನೋಡಿ, ನೆಟ್ಟಗೆ ಕನ್ನಡದಲ್ಲಿ ಶುರು ಮಾಡಿದರು.

"ಎಲ್ಲಾ ಕಾಗದ ಇದರಾಗ ಅದಾವ್ರಿ. ನೋಡಿ ಹೇಳ್ರಿ."

ನಾನು ಸುತ್ತ ಒಮ್ಮೆ ನೋಡಿದೆ. ಮರಾಠಿಯಲ್ಲಿ, ಅವರ ಮರ್ಯಾದೆಯಂತೆ 'ಬಾಯಿ' ಎಂದು ಕರೆದು, ಏನು ಹೇಳುತ್ತಿದ್ದೀರಿ, ತಿಳಿಯಲಿಲ್ಲ ಎಂದೆ. ಆಕೆ ನನ್ನ ಮುಖ ನೋಡಿದರು. ಸಿಟ್ಟಾಗಲಿಲ್ಲ. ಅದೇ ಮಾತನ್ನು ಚೊಕ್ಕ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದರು. ಆಮೇಲೆ ಹೋಗುವಾಗ ಮತ್ತೆ ಕನ್ನಡದಲ್ಲಿ, "ಬರ್ತೇನ್ರಿ," ಎಂದರು. ಮುಂದೆ ಎಷ್ಟು ಸಲ ಭೇಟಿಯಾದರೂ ಇದೇ ಪದ್ಧತಿ. ಆಕೆಯದು ಕನ್ನಡ, ನನ್ನದು ಮರಾಠಿ.

ನಾನು ಕನ್ನಡದವನೆಂದು ಹೇಗೆ ತಿಳಿಯಿತೋ ಎಂದು ಆ ಸಂಜೆಯೆಲ್ಲ ತಲೆ ಕೆಡಿಸಿಕೊಂಡೆ. ಯಾರೋ ಹೇಳಿ ಕಳಿಸಿರಬೇಕು, ವಶೀಲಿ ಇರಬೇಕು ಎಂದು ಲೆಕ್ಕ ಹಾಕಿದೆ. ಉತ್ತರ ನನ್ನ ಕೈ ಕೆಳಗೇ ಇತ್ತು. ಫೈಲಿನ ಪುಟಗಳ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣಗೆ ಅಂಕಿ ಹಾಕುವುದು ನನ್ನ ಅಭ್ಯಾಸ. ಯಾರಾದರೂ ನಡುವಿನ ಹಾಳೆ ಎಗರಿಸಿದರೆ ಗೊತ್ತಾಗಲಿ ಎಂದು. ಆ ಅಂಕಿಗಳನ್ನು ನಾನು ಸಾಲಿಯಲ್ಲಿ ಕಲಿತ ಕನ್ನಡದಲ್ಲೇ ಬರೆಯುತ್ತೇನೆ. ಇಷ್ಟು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆಕೆಗೆ ಒಂದು ಗಳಿಗೆ ಸಾಕಾಗಿತ್ತು.

ಕಾಗದಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಚಿತ್ರಕಲೆಯ ಡಿಪ್ಲೊಮಾ ಧಾರವಾಡದ ಕಡೆಯದು. ಮದುವೆಯಾಗಿ ಪುಣೆಗೆ ಬಂದು, ಎಷ್ಟೋ ವರ್ಷದ ಮೇಲೆ ಕಲಾ ಇತಿಹಾಸದಲ್ಲಿ ಎಂ.ಎ. ಮಾಡಿಕೊಂಡಿದ್ದರು. ಅವೆಲ್ಲ ಸರಿ. ನನ್ನ ಕಣ್ಣು ನಿಂತದ್ದು ಅನುಭವ ಪತ್ರದ ಮೇಲೆ. ಭೋರ್ ಊರಿನ ಒಂದು ಫೋಟೋ ಸ್ಟುಡಿಯೋದವರು ಕೊಟ್ಟ ಪತ್ರ. 'ಈ ಬಾಯಿ ನಮ್ಮ ಸ್ಟುಡಿಯೋಗೆ ಆರು ವರ್ಷದಲ್ಲಿ ಗಿರಾಕಿಗಳ ಹಿಂದೆ ಇಳಿಬಿಡುವ ಏಳು ಚಿತ್ರದ ಪರದೆ ಬರೆದುಕೊಟ್ಟಿದ್ದಾರೆ. ಏಳೂ ಚೆನ್ನಾಗಿವೆ' ಎಂದು ಎರಡೇ ಸಾಲು. ಕೆಲಸ ಹಳೆಯದು, ಕಾಗದ ಹೊಸದು. ಅದಕ್ಕಿಂತ ಮುಖ್ಯವಾಗಿ, ಮೊಹರು ಅಂಗಡಿಯಲ್ಲಿ ಮಾಡಿಸಿದಂತಿರಲಿಲ್ಲ. ನಡುವೆ ಒಂದು ಪುಟ್ಟ ಕ್ಯಾಮೆರಾ, ಸುತ್ತ ಬಳ್ಳಿ. ಪಳಗಿದ ಕೈ ಬರೆದ ಚಿತ್ರವೆಂದು ನೋಡಿದರೇ ತಿಳಿಯುತ್ತಿತ್ತು. ಆ ಕೈ ಅರ್ಜಿ ಹಾಕಿದವರದೇ, ಪತ್ರ ನಕಲಿ ಎಂದು ನಾನು ಅಲ್ಲೇ ತೀರ್ಮಾನಿಸಿಬಿಟ್ಟೆ.

ನಿಯಮದ ಪ್ರಕಾರ ಪತ್ರ ಕೊಟ್ಟವರಿಗೆ ಕಚೇರಿಯಿಂದ ಒಂದು ಕಾಗದ ಬರೆಯಬೇಕು. ಇದನ್ನು ಕೊಟ್ಟವರು ನೀವೇ ಹೌದೇ ಎಂದು ಕೇಳಬೇಕು. ಬರೆದೆ. ಲಕೋಟೆಯ ಮೇಲಿನ ವಿಳಾಸ ನನ್ನ ಕೈಬರಹದ್ದೇ.

ಆ ವಾರ ಸಂದರ್ಶನ ನಡೆಯಿತು. ಅಭ್ಯರ್ಥಿಗಳು ಸಮಿತಿಯ ಮುಂದೆ ಹತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ಸಮಿತಿಯಲ್ಲಿ ನಮ್ಮ ವಿಭಾಗ ಮುಖ್ಯಸ್ಥರು, ಇನ್ನೊಬ್ಬ ಹಿರಿಯ ಪ್ರಾಧ್ಯಾಪಕರು, ಹೊರಗಿನಿಂದ ಬಂದ ಒಬ್ಬ ತಜ್ಞೆ. ನಾನು ಮೂಲೆಯಲ್ಲಿ ಕುಳಿತು ನಡಾವಳಿ ಬರೆಯುವವನು. ಬಂದವರಲ್ಲಿ ಒಬ್ಬ ತರುಣನಿದ್ದ. ಒಳ್ಳೆಯ ಇಂಗ್ಲಿಷು, ಕಾಗದಗಳೆಲ್ಲ ಗರಿಗರಿ. ಮುಖ್ಯಸ್ಥರು ಅವನನ್ನು ನೋಡಿ ನಕ್ಕ ರೀತಿಯಿಂದ, ಇವನದು ಮೊದಲೇ ಆಗಿದೆ ಎಂದು ನನಗನ್ನಿಸಿತು. ಅದು ನಿಜವೋ ಸುಳ್ಳೋ ಇವತ್ತಿಗೂ ಗೊತ್ತಿಲ್ಲ.

ಆಕೆಯ ಸರದಿ ಬಂದಾಗ ಆಕೆ ಪಾಠವನ್ನೇ ಮಾಡಲಿಲ್ಲ. ಮೂವರಿಗೂ ಒಂದೊಂದು ಬಿಳಿ ಹಾಳೆ, ಒಂದೊಂದು ಪೆನ್ಸಿಲು ಕೊಟ್ಟರು. "ನೀವು ಇವತ್ತು ಒಳಗೆ ಬಂದ ದೊಡ್ಡ ಗೇಟು ಹೇಗಿದೆ, ಬರೆಯಿರಿ. ಚಂದ ಬೇಡ, ಇದ್ದ ಹಾಗೆ ಬರೆಯಿರಿ," ಎಂದು ಮರಾಠಿಯಲ್ಲಿ ಹೇಳಿದರು. ಮುಖ್ಯಸ್ಥರಿಗೆ ಇರುಸುಮುರುಸಾಯಿತು. ತಜ್ಞೆ ನಗುತ್ತ ಪೆನ್ಸಿಲು ಹಿಡಿದರು. ನಾನೂ ಸುಮ್ಮನಿರಲಾರದೆ ನಡಾವಳಿಯ ಹಾಳೆಯ ಅಂಚಿನಲ್ಲಿ ಬರೆದೆ. ಕಂಬದ ಮೇಲೆ ಕಮಾನು ಹಾಕಿದೆ. ಸಂಜೆ ಹೋಗುವಾಗ ನೋಡುತ್ತೇನೆ, ನಮ್ಮ ಗೇಟಿಗೆ ಕಮಾನೇ ಇಲ್ಲ. ಇಷ್ಟು ವರ್ಷ ಅದರ ಕೆಳಗೇ ಓಡಾಡಿದ್ದೆ ಅಂದುಕೊಂಡಿದ್ದೆನಲ್ಲ, ಆ ಕಮಾನು ಎಲ್ಲಿಂದ ಬಂತೋ.

ಆಮೇಲೆ ಮುಖ್ಯಸ್ಥರು ಅನುಭವದ ಬಗ್ಗೆ ಕೇಳಿದರು. ಸ್ಟುಡಿಯೋ ಪರದೆ ಬರೆಯುವುದು ಕೂಲಿ ಕೆಲಸವಲ್ಲವೇ ಎಂದು ಕೊಂಕಾಗಿಯೇ ಕೇಳಿದರು.

"ಹೌದು, ಕೂಲಿ ಕೆಲಸವೇ," ಎಂದರು ಆಕೆ. "ನಮ್ಮ ಮನೆಯಿರುವ ಕಾತ್ರಜದಿಂದ ಬಸ್ಸು ಹತ್ತಿ ಭೋರ್‌ಗೆ ಹೋಗಿ ದಿನವಿಡೀ ಬರೆದು ಸಂಜೆ ವಾಪಸ್ಸು ಬರುತ್ತಿದ್ದೆ. ಅರಮನೆ, ಮೆಟ್ಟಿಲು, ಕಾರಂಜಿ, ತೋಟ. ನಾನು ಬರೆದ ಪ್ರತಿ ಪರದೆಯ ಎಡಗಡೆ ಕೆಳಮೂಲೆಯಲ್ಲಿ ಒಂದು ಜೊತೆ ಹಳೆಯ ಚಪ್ಪಲಿ ಇರುತ್ತದೆ. ಒಂದರ ಪಟ್ಟಿ ಕಿತ್ತು ಪಿನ್ನು ಚುಚ್ಚಿರುತ್ತದೆ. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ಅದನ್ನು ನೋಡಿಲ್ಲ."

"ಚಪ್ಪಲಿ ಯಾಕೆ?" ಎಂದರು ತಜ್ಞೆ.

"ಸ್ಟುಡಿಯೋದ ಹಾಸು ಕೊಳೆಯಾಗಬಾರದೆಂದು ಎಲ್ಲರಿಗೂ ಚಪ್ಪಲಿಯನ್ನು ಬಾಗಿಲಲ್ಲೇ ಬಿಡಲು ಹೇಳುತ್ತಾರೆ. ಬರಿಗಾಲಲ್ಲಿ ಬಂದು ಅರಮನೆ ಮುಂದೆ ನಿಲ್ಲುತ್ತಾರೆ. ಬಿಟ್ಟುಬಂದ ಚಪ್ಪಲಿಗೂ ಒಂದು ಜಾಗ ಇರಲಿ ಅಂತ."

ತಜ್ಞೆ ಆಕೆಗೇ ಮೊದಲ ಸ್ಥಾನ ಕೊಟ್ಟರು. ಮುಖ್ಯಸ್ಥರು ಅಡ್ಡಿ ಮಾಡಲಿಲ್ಲ. "ಆಗಲಿ, ಕಾಗದಪತ್ರ ಸರಿಯಿದ್ದರೆ," ಎಂದು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಏನೋ ಇತ್ತು ಎಂದು ನನಗೆ ಅನ್ನಿಸಿತು. ಪತ್ರ ಸರಿಯಿದೆ ಎಂದರೆ ಆಕೆಗೆ ಕೆಲಸ, ಇಲ್ಲವಾದರೆ ಆ ತರುಣನಿಗೆ. ಷರಾ ಬರೆಯಲು ಮುಂದಿನ ಶುಕ್ರವಾರದವರೆಗೆ ಗಡುವು.

ಭೋರ್‌ನಿಂದ ಉತ್ತರ ಬರಲಿಲ್ಲ. ಭಾನುವಾರ ಬೆಳಿಗ್ಗೆ ನಾನು ಅಂಗಿ ಹಾಕಿಕೊಳ್ಳುವುದನ್ನು ಕಂಡು ಹೆಂಡತಿ, "ಎಲ್ಲಿಗ್ರಿ?" ಎಂದಳು. ಭೋರ್‌ಗೆ ಎಂದೆ. "ಅಲ್ಲಿ ನಮ್ಮವರು ಯಾರದಾರ?" ಎಂದಳು. ಒಂದು ಪತ್ರ ಖರೆಯೋ ಸುಳ್ಳೋ ನೋಡಬೇಕು ಎಂದೆ. "ಆಫೀಸಿನವರು ಕಳಸ್ಯಾರೇನು?" ಇಲ್ಲ ಎಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಹೋದಳು.

ಸಾತಾರಾ ಹೆದ್ದಾರಿ ಬಿಟ್ಟು ಬಸ್ಸು ಒಳಗೆ ತಿರುಗಿದ ಮೇಲೆ ಗುಡ್ಡಗಳು ಶುರುವಾದವು. ನನಗೆ ಗುಡ್ಡ ನೋಡುವ ಮನಸ್ಸಿರಲಿಲ್ಲ. ಅಂಥ ಸ್ಟುಡಿಯೋ ಇರಲಿಕ್ಕೇ ಇಲ್ಲ, ಇದ್ದರೂ ಪರದೆ ಇರಲಿಕ್ಕಿಲ್ಲ, ಆಗ ಷರಾದಲ್ಲಿ ಏನು ಬರೆಯಬೇಕು ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. ಸ್ಟುಡಿಯೋ ಇತ್ತು. ಪೇಟೆಯ ಬೀದಿಯಲ್ಲಿ, ಮುಂದುಗಡೆ ಝೆರಾಕ್ಸ್ ಯಂತ್ರ, ಹಿಂದೆ ಕೋಣೆ. ಎಪ್ಪತ್ತು ದಾಟಿದ ಮುದುಕರೊಬ್ಬರು ಕುಳಿತಿದ್ದರು. ನಾನು ಯಾರೆಂದು ಹೇಳಲಿಲ್ಲ. ಫೋಟೋ ತೆಗೆಸಬೇಕು, ನಿಂತಿದ್ದು, ಹಳೆಯ ಥರದ ಪರದೆ ಇದ್ದರೆ ಒಳ್ಳೆಯದು ಎಂದೆ.

ಮುದುಕರಿಗೆ ಭಾರೀ ಖುಷಿಯಾಯಿತು. ಈಗ ಯಾರು ಕೇಳುತ್ತಾರೆ ಸಾಹೇಬರೇ ಎನ್ನುತ್ತ ಗೂಟದ ಮೇಲಿನ ಕೋಟೊಂದನ್ನು ತೆಗೆದು ಬಲವಂತವಾಗಿ ನನಗೆ ತೊಡಿಸಿದರು. ಗಿರಾಕಿಗಳಿಗೆಂದೇ ಇಟ್ಟ ಕೋಟು, ತೋಳು ನನ್ನ ಬೆರಳು ಮುಚ್ಚುವಷ್ಟು ಉದ್ದ. ಚಪ್ಪಲಿ ಬಾಗಿಲಲ್ಲೇ ಬಿಡಿ ಎಂದರು. ಬಿಟ್ಟೆ. ಆಗ ನನ್ನ ಕಣ್ಣು ಅವರ ಮೇಜಿನ ಮೇಲೆ ಬಿತ್ತು. ಅಲ್ಲಿ ನನ್ನ ಲಕೋಟೆ ಇತ್ತು. ನನ್ನದೇ ಅಕ್ಷರ. ಒಡೆದಿರಲಿಲ್ಲ.

"ಇದೇನು, ಸರ್ಕಾರಿ ಕಾಗದದ ಹಾಗಿದೆಯಲ್ಲ?" ಎಂದೆ, ಗೊತ್ತಿಲ್ಲದವನಂತೆ.

"ಅದನ್ನು ಮುಟ್ಟಬೇಡಿ," ಎಂದರು ಮುದುಕರು. "ಪುಣೆಯಿಂದ ಬಂದಿದೆ. ಟ್ಯಾಕ್ಸಿನವರದೋ ಏನೋ. ನನ್ನ ಮಗ ಬರಲಿ, ಅವನ ಎದುರಿಗೇ ಒಡೆಯುವುದು."

ಅವರ ಸಂಶಯ ನನಗೆ ಅರ್ಥವಾಯಿತು. ಅವರ ಜಾಗದಲ್ಲಿ ನಾನಿದ್ದರೂ ಒಡೆಯುತ್ತಿರಲಿಲ್ಲ. ಮಗ ಯಾವಾಗ ಬರುತ್ತಾನೆ ಎಂದು ಕೇಳಿದೆ. ಗಣಪತಿ ಹಬ್ಬಕ್ಕೆ ಎಂದರು. ಹಬ್ಬಕ್ಕೆ ಇನ್ನೂ ಮೂರು ತಿಂಗಳಿತ್ತು. ಅದು ಹೆದರುವಂಥ ಕಾಗದವಲ್ಲ, ಒಡೆದು ಹೌದೆಂದು ಎರಡು ಸಾಲು ಬರೆಯಿರಿ ಎಂದು ನಾನು ಹೇಳಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ, ನೀವು ಯಾರು ಎಂದು ಕೇಳುತ್ತಾರೆ. ಕನ್ನಡದ ಹೆಂಗಸೊಬ್ಬರ ಪತ್ರಕ್ಕಾಗಿ ಅಧೀಕ್ಷಕರು ರಜೆಯ ದಿನ ಭೋರ್‌ಗೆ ಹೋಗಿದ್ದರು ಎಂಬ ಸುದ್ದಿ ನಮ್ಮ ಪಡಸಾಲೆ ಮುಟ್ಟಲು ಎಷ್ಟು ಹೊತ್ತು? ನಾನು ಬಾಯಿ ಮುಚ್ಚಿಕೊಂಡೆ.

ಮುದುಕರು ಹಗ್ಗ ಎಳೆದು ಪರದೆ ಇಳಿಸಿದರು. ಬಿಳಿ ಅರಮನೆ, ಅಗಲವಾದ ಮೆಟ್ಟಿಲು. ಬಣ್ಣ ಸ್ವಲ್ಪ ಮಾಸಿತ್ತು. ಬರೆದವರು ಯಾರು ಎಂದೆ. "ಪುಣೆಯ ಒಬ್ಬ ಬಾಯಿ. ಕನ್ನಡದವರು. ನನ್ನ ಹತ್ತಿರ ಮೊಹರು ಕೂಡ ಇರಲಿಲ್ಲ. ಮೊನ್ನೆ ಒಂದು ಪತ್ರ ಬೇಕು ಎಂದು ಬಂದಾಗ ಅವರೇ ಚಿತ್ರ ಬರೆದುಕೊಟ್ಟರು, ನಾನು ಮೊಹರು ಮಾಡಿಸಿದೆ," ಎನ್ನುತ್ತ ಕ್ಯಾಮೆರಾದ ಹಿಂದೆ ಹೋದರು. ಮೊಹರಿನ ವಿಷಯದಲ್ಲಿ ನನ್ನ ಕಣ್ಣು ತಪ್ಪಿರಲಿಲ್ಲ. ತೀರ್ಮಾನ ತಪ್ಪಿತ್ತು.

"ಇತ್ತ ನೋಡಿ ಸಾಹೇಬರೇ," ಎಂದರು. ನಾನು ಅತ್ತ ನೋಡಿದೆ. ಎಡಗಡೆಯ ಕೆಳಮೂಲೆ. ಮೆಟ್ಟಿಲಿನ ನೆರಳಿನಲ್ಲಿ ಒಂದು ಜೊತೆ ಚಪ್ಪಲಿ. ಒಂದರ ಪಟ್ಟಿಗೆ ಪಿನ್ನು. ಪಿನ್ನಿನ ತುದಿಯಲ್ಲಿ ಸಾಸಿವೆಯಷ್ಟು ಬಿಳಿ ಬಣ್ಣ ಹಚ್ಚಿ ಹೊಳೆಯುವಂತೆ ಮಾಡಿದ್ದರು. ಅದೇ ಹೊತ್ತಿಗೆ ಕ್ಯಾಮೆರಾ ಚಕ್ಕೆಂದಿತು.

ಇನ್ನೊಂದು ತೆಗೆಯುತ್ತೇನೆ, ನಿಮ್ಮ ಲಕ್ಷ್ಯ ಬೇರೆ ಕಡೆ ಇತ್ತು ಎಂದು ಮುದುಕರು ಕೂಗಿದರೂ ನಿಲ್ಲಲಿಲ್ಲ. ಕೋಟು ಕಳಚಿ, ಫೋಟೋದ ಪ್ರತಿಯನ್ನೂ ತೆಗೆದುಕೊಳ್ಳದೆ ಬಸ್‌ಸ್ಟ್ಯಾಂಡಿಗೆ ಬಂದೆ.

ಶುಕ್ರವಾರ ಫೈಲು ತೆಗೆದು ಷರಾ ಬರೆದೆ. 'ಪತ್ರ ಕೊಟ್ಟವರಿಂದ ಉತ್ತರ ಬಂದಿಲ್ಲ. ಪರಿಶೀಲನೆ ಬಾಕಿ.' ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಸೋಮವಾರ ಆ ತರುಣನಿಗೆ ಆದೇಶ ಹೋಯಿತು. ಆಕೆಗೆ ಫೋನಿನಲ್ಲಿ ತಿಳಿಸುವ ಕೆಲಸವೂ ನನ್ನದೇ. ಪರಿಶೀಲನೆ ಬಾಕಿ ಉಳಿಯಿತು ಬಾಯಿ ಎಂದೆ. "ಬಾಕಿ ಉಳೀತೇನ್ರಿ?" ಎಂದರು. ಆಮೇಲೆ, "ಆಗ್ಲಿ ಬಿಡ್ರಿ," ಎಂದು ಫೋನಿಟ್ಟರು. ಆ 'ಏನ್ರಿ' ಎಂಬುದರಲ್ಲಿ ಏನಿತ್ತು ಎಂದು ಆಗ ನನಗೆ ಹೊಳೆಯಲಿಲ್ಲ.

ಮನೆಯಲ್ಲಿ ಹೆಂಡತಿ ಕೇಳಿದಳು. "ಪತ್ರ ಖರೇ ಇತ್ತೋ ಸುಳ್ಳೋ?"

"ಖರೇ ಇತ್ತು."

"ಹಂಗಾರ ಆಕಿಗೆ ಕೆಲಸ ಆತು."

ನಾನು ತಾಟು ಹತ್ತಿರ ಎಳೆದುಕೊಂಡೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ಮತ್ತೆ ತಟ್ಟತೊಡಗಿದಳು. ಆ ವಾರವೆಲ್ಲ ನನ್ನೊಡನೆ ಬೇಕಾದಷ್ಟೇ ಮಾತು.

ಮರುವರ್ಷ ಆ ತರುಣ ಪೂರ್ಣಾವಧಿ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ. ಅಷ್ಟರಲ್ಲಿ ಭೋರ್‌ನ ಮುದುಕರ ಉತ್ತರವೂ ಬಂದಿತ್ತು, ಗಣಪತಿ ಹಬ್ಬ ಮುಗಿದ ಮೇಲೆ. ಈ ಸಲ ಯಾವ ತಕರಾರೂ ಇರಲಿಲ್ಲ. ಹೊಸ ಫೈಲಿನಲ್ಲಿ 'ಪರಿಶೀಲಿಸಲಾಗಿದೆ' ಎಂದು ಬರೆದೆ. ಆಕೆ ಕೆಲಸಕ್ಕೆ ಸೇರಿದರು.

ಎಂಥ ಮಾಸ್ತರಿಕೆ ಅದು. ತರಗತಿಗೆ ಪುಸ್ತಕ ತರುತ್ತಿರಲಿಲ್ಲ. ಒಂದು ದಿನ ಸಾಬೂನಿನ ಡಬ್ಬಿ, ಒಂದು ದಿನ ಯಾರದೋ ಮನೆಯ ಆಲ್ಬಮ್ಮು, ಒಂದು ದಿನ ಪುಣೆಯ ಕೊಂಢವಾ ಬಡಾವಣೆಯಲ್ಲಿ ಕಟ್ಟಡ ಕಟ್ಟುವವರ ಬಣ್ಣದ ಜಾಹೀರಾತು. ಆ ಜಾಹೀರಾತಿನಲ್ಲಿ ಮರಗಳ ನೆರಳು ಒಂದು ಕಡೆ, ಮನುಷ್ಯರ ನೆರಳು ಇನ್ನೊಂದು ಕಡೆ ಬಿದ್ದಿದೆ ಎಂದು ಮಕ್ಕಳಿಂದಲೇ ಹೇಳಿಸಿದರು. "ಸಂಶಯ ಬಂದರೆ ಒಳ್ಳೆಯದು, ಅರ್ಧಕ್ಕೆ ಕೈಬಿಡಬೇಡಿ," ಎಂಬುದು ಆಕೆ ಮತ್ತೆ ಮತ್ತೆ ಹೇಳುತ್ತಿದ್ದ ಮಾತು. ಚಾಕ್‌ಪೀಸನ್ನು ಬ್ರಷ್ ಹಿಡಿದ ಹಾಗೆ ತುದಿ ಬೆರಳಲ್ಲಿ ಹಿಡಿಯುತ್ತಿದ್ದರು. ಮೆಚ್ಚುಗೆಯಾದರೆ ಹೊಗಳುತ್ತಿರಲಿಲ್ಲ, ಕನ್ನಡಕವನ್ನು ಹಣೆಗೇರಿಸಿ ಆ ಹುಡುಗನನ್ನೋ ಹುಡುಗಿಯನ್ನೋ ಒಂದು ಕ್ಷಣ ನೋಡುತ್ತಿದ್ದರು. ಅಷ್ಟಕ್ಕಾಗಿ ಮಕ್ಕಳು ಹಾತೊರೆಯುತ್ತಿದ್ದರು.

ಇದೆಲ್ಲ ನನಗೆ ಗೊತ್ತಿರುವುದು ಹೇಗೆಂದರೆ, ತಾಸಿನ ಲೆಕ್ಕದವರು ನಿಜಕ್ಕೂ ಪಾಠ ಮಾಡುತ್ತಿದ್ದಾರೋ ಇಲ್ಲವೋ ಎಂದು ಹೇಳದೆ ಕೇಳದೆ ಹೋಗಿ ನೋಡುವುದು ನನ್ನ ಕೆಲಸದ ಭಾಗ. ಬೇರೆಯವರ ತರಗತಿಗೆ ತಿಂಗಳಿಗೊಮ್ಮೆ ಹೋಗುತ್ತಿದ್ದವನು ಆಕೆಯ ತರಗತಿಗೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ಸಂಶಯದಿಂದ ಎಂದು ಎಲ್ಲರೂ ತಿಳಿದಿದ್ದರು. ನಾನೂ ಮೊದಮೊದಲು ಹಾಗೇ ತಿಳಿದಿದ್ದೆ.

ಎರಡನೆಯ ವರ್ಷದ ಒಂದು ಮಧ್ಯಾಹ್ನ. ಕೋಣೆಯಲ್ಲಿ ಪ್ರೊಜೆಕ್ಟರು ಹಾಕಿ ಕಿಟಕಿ ಮುಚ್ಚಿದ್ದರು. ನಾನು ಹಿಂದಿನ ಬಾಗಿಲಿನಿಂದ ಒಳಗೆ ಹೋಗಿ ಗೋಡೆಗೆ ಒರಗಿ ನಿಂತೆ. ಆಕೆ ಒಮ್ಮೆ ನನ್ನ ಕಡೆ ನೋಡಿದರು. ಮುಂದಿನ ಚಿತ್ರ ಬಂತು.

ಗೋಡೆಯ ತುಂಬ ನಾನಿದ್ದೆ. ಉದ್ದ ತೋಳಿನ ಕೋಟು, ಬರಿಗಾಲು, ಹಿಂದೆ ಬಿಳಿ ಅರಮನೆ. ಕುತ್ತಿಗೆ ಎಡಕ್ಕೆ ತಿರುಗಿದೆ, ಕಣ್ಣು ಕೆಳಗೆ ನೆಟ್ಟಿದೆ, ಬಾಯಿ ಅರ್ಧ ತೆರೆದಿದೆ. ಪ್ರೊಜೆಕ್ಟರಿನ ಬಲ್ಬು ಹಳೆಯದಾಗಿ ಮುಖ ಮಸುಕಾಗಿದ್ದರಿಂದ ಮಕ್ಕಳಿಗೆ ಗುರುತು ಸಿಗಲಿಲ್ಲ. ಹೊಸ ಬಲ್ಬು ಬೇಕೆಂದು ಆಕೆ ಕೊಟ್ಟ ಅರ್ಜಿ ನನ್ನ ಮೇಜಿನ ಮೇಲೆ ಬಾಕಿ ಇತ್ತು.

"ಭೋರ್‌ನ ಸ್ಟುಡಿಯೋದವರು ತೆಗೆದದ್ದು," ಎಂದರು ಆಕೆ. "ಈ ಗಿರಾಕಿ ಫೋಟೋದ ಪ್ರತಿ ಕೂಡ ಒಯ್ಯಲಿಲ್ಲ, ನಿಮ್ಮ ಪರದೆ ಬಗ್ಗೆ ಕೇಳುತ್ತಿದ್ದ, ಯಾರಿರಬಹುದು ಎಂದು ಅದೇ ದಿನ ನನ್ನ ಮೊಬೈಲಿಗೆ ಕಳಿಸಿದರು. ಹೇಳಿ, ಈ ಮನುಷ್ಯ ಏನು ನೋಡುತ್ತಿದ್ದಾನೆ?"

ಚಪ್ಪಲಿ ಎಂದಿತು ಒಂದು ದನಿ. ಏನನ್ನೋ ಹುಡುಕಲು ಬಂದವನು ಎಂದಿತು ಇನ್ನೊಂದು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಮ್, ಹುಡುಕುತ್ತಿರುವವನ ಮುಖ ಹೀಗಿರುವುದಿಲ್ಲ. ಇವನಿಗೆ ಸಿಕ್ಕಿಬಿಟ್ಟಿದೆ," ಎಂದಳು.

ಆಕೆ ಕನ್ನಡಕವನ್ನು ಹಣೆಗೇರಿಸಿ ಆ ಹುಡುಗಿಯನ್ನು ನೋಡಿದರು.

"ಸಿಕ್ಕ ಮೇಲೆ ಏನು ಮಾಡಿದ?" ಎಂದು ಇನ್ನೊಬ್ಬ ಕೇಳಿದ.

"ಅದನ್ನು ಚಿತ್ರ ಹೇಳುವುದಿಲ್ಲ," ಎಂದರು. "ಅವನೇ ಹೇಳಬೇಕು." ಮುಂದಿನ ಚಿತ್ರ ಹಾಕಿದರು.

ಭಾನುವಾರ ತೆಗೆದ ಫೋಟೋ ಅದೇ ಭಾನುವಾರ ಆಕೆಗೆ ಮುಟ್ಟಿತ್ತು. ಶುಕ್ರವಾರ ನಾನು 'ಬಾಕಿ' ಎಂದು ಬರೆಯುವಾಗ, ನಾನು ಕಣ್ಣಾರೆ ಕಂಡಿದ್ದೇನೆಂದು ಆಕೆಗೆ ಗೊತ್ತಿತ್ತು. ಫೋನಿನಲ್ಲಿ 'ಬಾಕಿ ಉಳೀತೇನ್ರಿ' ಎಂದಾಗಲೂ ಗೊತ್ತಿತ್ತು. ಮುಖ್ಯಸ್ಥರ ಮುಂದೆ ಆ ಫೋಟೋ ಇಟ್ಟಿದ್ದರೆ ನನ್ನ ಗತಿ ಮುಗಿಯುತ್ತಿತ್ತು. ಇಡಲಿಲ್ಲ. ಅವತ್ತಿನ ಆ ಚಿತ್ರ ಪಾಠದಲ್ಲಿ ಇದ್ದದ್ದೋ, ನನ್ನನ್ನು ಕಂಡ ಮೇಲೆ ಹಾಕಿದ್ದೋ ಎಂಬ ಸಂಶಯ ಮಾತ್ರ ನನಗೆ ಉಳಿದೇ ಹೋಯಿತು.

ತರಗತಿ ಮುಗಿದ ಮೇಲೆ ಪಡಸಾಲೆಯಲ್ಲಿ ಎದುರಾದರು. ಎಂದಿನಂತೆ ಕನ್ನಡದಲ್ಲೇ, "ಹಾಜರಿ ನೋಡೂದು ಆತೇನ್ರಿ ಸಾಹೇಬ್ರ?" ಎಂದರು. ಸುತ್ತ ಜನರಿದ್ದರು. ನಾನು, "ಆತ್ರಿ," ಎಂದೆ.

ಆಕೆಯೊಡನೆ ನಾನು ಆಡಿದ ಕನ್ನಡ ಅದೊಂದೇ ಮಾತು. ಇನ್ನೂ ಹೇಳುವುದಿತ್ತು, ಕೈಯಲ್ಲಿದ್ದ ಹಾಜರಿ ಪುಸ್ತಕವನ್ನು ಕಂಕುಳಿಗೆ ಸೇರಿಸಿದೆ. ಆಕೆ ಸ್ವಲ್ಪ ಹೊತ್ತು ಕಾದರು. ಆಮೇಲೆ ಚೀಲ ಹೆಗಲಿಗೇರಿಸಿ, "ಬರ್ತೇನ್ರಿ," ಎಂದು ಹೋದರು. ಆ ವರ್ಷದ ಪಾಠಗಳನ್ನು ಮುಗಿಸಿದರು. ಮುಂದಿನ ವರ್ಷಕ್ಕೆ ಅರ್ಜಿ ಬರಲಿಲ್ಲ. ಆರೋಗ್ಯ ಸರಿಯಿಲ್ಲವಂತೆ ಎಂದು ಕೇಳಿದ್ದೆ. ನೋಡಿಬರೋಣ ಎಂದು ಎಷ್ಟೋ ಸಲ ಅಂದುಕೊಂಡೆ. ಕಾತ್ರಜ ದೂರವೇನಲ್ಲ. ಹೋಗಲಿಲ್ಲ.

ನಿನ್ನೆ ಡ್ರಾಯರಿನಿಂದ ಲಕೋಟೆ ತೆಗೆದು ಒಡೆದೆ. ಅದೇ ಫೋಟೋ, ದಪ್ಪ ಕಾಗದದ ಮೇಲೆ. ಹಿಂದುಗಡೆ ಏನಾದರೂ ಬರೆದಿರುತ್ತಾರೆ ಎಂದು ತಿರುಗಿಸಿದೆ. ಖಾಲಿ. ಲಕೋಟೆಯನ್ನು ಕೊಡವಿದೆ. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದೆ, ಭೂತಗನ್ನಡಿ ಹಿಡಿದೆ, ಒತ್ತಿ ಬರೆದ ಗುರುತಾದರೂ ಇದೆಯೇ ಎಂದು ಬೆರಳಾಡಿಸಿದೆ. ಏನೂ ಇರಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ದಾಖಲೆ ಕೋಣೆಯಿಂದ ಮೊದಲ ವರ್ಷದ ಹಳೆಯ ಫೈಲು ತರಿಸಿದೆ. 'ಪರಿಶೀಲನೆ ಬಾಕಿ' ಎಂಬ ನನ್ನ ಷರಾದ ಕೆಳಗೆ, ಎಲ್ಲರಿಗೂ ಓದಲು ಬರುವ ಮರಾಠಿಯಲ್ಲಿ ಬರೆದೆ: 'ಮೇಲಿನ ಷರಾ ಬರೆಯುವ ಐದು ದಿನ ಮೊದಲು ನಾನು ಖುದ್ದಾಗಿ ಭೋರ್‌ಗೆ ಹೋಗಿ ಪರದೆ ನೋಡಿದ್ದೆ. ಅನುಭವ ಪತ್ರ ನಿಜ. ಇದನ್ನು ತಿಳಿದೂ ಮುಚ್ಚಿಟ್ಟೆ. ಪುರಾವೆಗೆ ಫೋಟೋ ಲಗತ್ತಿಸಿದೆ.' ಪೂರ್ತಿ ಹೆಸರು ಬರೆದು ಸಹಿ ಮಾಡಿದೆ. ಫೋಟೋವನ್ನು ಅಂಟಿಸಿ, ಪುಟದ ಮೂಲೆಯಲ್ಲಿ ಎಂದಿನಂತೆ ಕನ್ನಡದ ಅಂಕಿ ಹಾಕಿದೆ, ಈ ಸಲ ಪೆನ್ನಿನಿಂದ.

ಇನ್ನು ನಾಲ್ಕು ತಿಂಗಳಿಗೆ ನನ್ನ ನಿವೃತ್ತಿ. ಮುಗಿದ ಫೈಲುಗಳನ್ನು ನಮ್ಮಲ್ಲಿ ಯಾರೂ ತೆಗೆದು ನೋಡುವುದಿಲ್ಲ. ನನ್ನ ಕುರ್ಚಿಗೆ ಬರುವವನು ನನಗಿಂತಲೂ ಸಂಶಯದವನಾಗಿರಲಿ ಎಂದು ಮನಸಾರೆ ಬೇಡಿಕೊಳ್ಳುತ್ತೇನೆ. ಅಂಥವನಾದರೆ ಒಂದಲ್ಲ ಒಂದು ದಿನ ಆ ಫೈಲು ಬಿಚ್ಚುತ್ತಾನೆ. ಬಿಚ್ಚಿದ ಮೇಲೆ, ದೊಗಳೆ ಕೋಟಿನ ಈ ಮನುಷ್ಯ ಯಾರು, ಸಿಕ್ಕ ಮೇಲೆ ಏನು ಮಾಡಿದ ಎಂದು ಅವನು ಕೇಳದೆ ಇರಲಾರ.